ಮೈಕಿನ ಮುಂದೆ ಕೂತ ವೈದ್ಯೆ: ಒಂದು ಕಬಡ್ಡಿ ಫೈನಲ್‌ನ ಪ್ರಕರಣ ಅಧ್ಯಯನ

ಬಳ್ಳಾರಿ ಜಿಲ್ಲೆಯ ಕಾಲುವೆ ಸೀಮೆಯ ಒಂದು ಊರಿನಲ್ಲಿ ನಡೆದ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಯ ಮಹಿಳೆಯರ ಫೈನಲ್‌ನಲ್ಲಿ, ಆಟ ಶುರುವಾಗಿ ಹನ್ನೊಂದನೆಯ ನಿಮಿಷಕ್ಕೆ, ನಾನು ವೀಕ್ಷಕ ವಿವರಣೆಯ ಹೆಡ್‌ಫೋನ್ ತೆಗೆದಿಟ್ಟು ಅಂಕಣದೊಳಗೆ ಓಡಿದೆ. ಓಡಬೇಕಾಗಿದ್ದದ್ದು ಆಟ ಶುರುವಾಗುವುದಕ್ಕೂ ಮೊದಲು. ಆ ಹನ್ನೊಂದು ನಿಮಿಷ ನಾನು ಏಕೆ ಕೂತಿದ್ದೆ, ಕೂತಲ್ಲಿಂದ ಏನು ಹೇಳಿದೆ, ಹೇಳಿದ್ದರಿಂದಲೂ ಹೇಳದೆ ಉಳಿದದ್ದರಿಂದಲೂ ಹತ್ತೊಂಬತ್ತು ವರ್ಷದ ಒಬ್ಬ ಆಟಗಾರ್ತಿಗೆ ಏನಾಯಿತು ಎಂಬುದೇ ಈ ಪ್ರಕರಣ.

ಆಟಗಾರ್ತಿ ಈ ಬರಹವನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಎರಡು ಕಡೆ ತಿದ್ದಿಸಿ, ಲಿಖಿತ ಒಪ್ಪಿಗೆ ಕೊಟ್ಟಿದ್ದಾಳೆ. ಊರು, ಕಾಲೇಜು, ತಂಡ, ವರ್ಷ ಯಾವುದನ್ನೂ ಇಲ್ಲಿ ಹೇಳಿಲ್ಲ. ಕ್ರೀಡಾ ವೈದ್ಯರಾಗಿದ್ದುಕೊಂಡೇ ಮೈಕು ಹಿಡಿಯುವವರು ಈಗ ಹೆಚ್ಚುತ್ತಿದ್ದಾರೆ. ಮೊಬೈಲಿನಲ್ಲಿ ನೇರ ಪ್ರಸಾರವಾಗದ ತಾಲ್ಲೂಕು ಮಟ್ಟದ ಪಂದ್ಯವೇ ಅಪರೂಪ ಎನ್ನುವ ಸ್ಥಿತಿ ಬಂದಿರುವಾಗ, ಈ ಎರಡು ಕೆಲಸಗಳು ಒಂದೇ ಸಂಜೆ ಒಬ್ಬರ ಮೇಲೆಯೇ ಬಿದ್ದರೆ ಎಲ್ಲಿ ತಪ್ಪುತ್ತದೆ ಎಂಬುದನ್ನು ಬರೆದಿಡುವುದು ಅಗತ್ಯ ಎಂದು ನನಗೆ ಅನ್ನಿಸಿತು.

ಹಿನ್ನೆಲೆ

ನಾನು ಓಟಗಾರ್ತಿಯಾಗಿದ್ದವಳು. 400 ಮೀಟರ್ ಹರ್ಡಲ್ಸ್ ನನ್ನ ಸ್ಪರ್ಧೆ: ಹತ್ತು ಅಡೆತಡೆ, ಒಂದೊಂದೂ 76.2 ಸೆಂಟಿಮೀಟರ್ ಎತ್ತರ, ನಡುವೆ 35 ಮೀಟರ್ ಅಂತರ. 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಪಿ.ಟಿ. ಉಷಾ 55.42 ಸೆಕೆಂಡಿನಲ್ಲಿ ಓಡಿ, ಒಂದು ಸೆಕೆಂಡಿನ ನೂರನೆಯ ಒಂದು ಭಾಗದಲ್ಲಿ ಕಂಚು ಕಳೆದುಕೊಂಡ ಸುದ್ದಿಯನ್ನು ನಮ್ಮ ಮನೆಯವರೆಲ್ಲ ರೇಡಿಯೊ ಸುತ್ತ ಕೂತು ಕೇಳಿದ್ದೆವು. ಹರ್ಡಲ್ಸ್ ಎಂಬ ಪದವನ್ನು ನಾನು ಮೊದಲು ಕೇಳಿದ್ದು ಅಂದೇ. ಮುಂದೆ ನಾನು ಓಡಿದ್ದು ಎರೆಮಣ್ಣಿನ ಮೈದಾನದಲ್ಲಿ. ಮಳೆ ಬಂದರೆ ಬೂಟಿಗೆ ಸೇರುಗಟ್ಟಲೆ ಮೆತ್ತಿಕೊಳ್ಳುವ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಾಲು ಉಳುಕಿಸುವ ಮಣ್ಣು ಅದು. ತೊಡೆಯ ಹಿಂಭಾಗದ ಸ್ನಾಯು ಹರಿದಾಗ ಮೂರನೆಯ ದಿನಕ್ಕೇ ನನ್ನನ್ನು ಟ್ರ್ಯಾಕಿಗೆ ಇಳಿಸಿದರು. ಅದು ಮತ್ತೆ ಹರಿಯಿತು, ನನ್ನ ಓಟ ಅಲ್ಲಿಗೆ ಮುಗಿಯಿತು. ಎಂಬಿಬಿಎಸ್ ಮುಗಿಸಿದ ಮೇಲೆ ಕ್ರೀಡಾ ವೈದ್ಯಶಾಸ್ತ್ರದ ಕಡೆ ಹೋದದ್ದಕ್ಕೆ ಆ ಮೂರನೆಯ ದಿನವೇ ಕಾರಣ.

ಆಟಗಾರರು ವೈದ್ಯರಾಗುವುದು ಹೊಸದೇನಲ್ಲ. 1954ರಲ್ಲಿ ಆಕ್ಸ್‌ಫರ್ಡಿನಲ್ಲಿ 3 ನಿಮಿಷ 59.4 ಸೆಕೆಂಡಿನಲ್ಲಿ ಒಂದು ಮೈಲಿ ಓಡಿದ ರೋಜರ್ ಬ್ಯಾನಿಸ್ಟರ್ ಆಗ ವೈದ್ಯಕೀಯ ವಿದ್ಯಾರ್ಥಿಯಾಗಿದ್ದವರು, ಮುಂದೆ ನರರೋಗ ತಜ್ಞರಾದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಫುಟ್‌ಬಾಲ್ ತಂಡದ ನಾಯಕರಾಗಿದ್ದ ತಾಲಿಮೆರೆನ್ ಆವೊ ನಾಗಾಲ್ಯಾಂಡಿನಲ್ಲಿ ವೈದ್ಯರಾಗಿ ದುಡಿದರು. 1972ರ ಮ್ಯೂನಿಕ್‌ನಲ್ಲಿ ಕಂಚು ಗೆದ್ದ ಹಾಕಿ ತಂಡದ ವೇಸ್ ಪೇಸ್ ಕ್ರೀಡಾ ವೈದ್ಯರಾಗಿಯೇ ಹೆಸರು ಮಾಡಿದರು. ನಮ್ಮ ಕಾಲದಲ್ಲಿ ಸೇರಿಕೊಂಡದ್ದು ಮೈಕು. ಮಾಜಿ ಆಟಗಾರರನ್ನು ವಿವರಣೆಗೆ ಕೂರಿಸುವುದು ಆಟದ ಒಳಗನ್ನು ಬಿಡಿಸಿ ಹೇಳಲಿ ಎಂದು. ಆ ಮಾಜಿ ಆಟಗಾರ್ತಿ ವೈದ್ಯೆಯೂ ಆಗಿದ್ದರೆ, ಆಟಗಾರರ ಮೈಯ ಒಳಗನ್ನೂ ಹೇಳಲಿ ಎಂದು ಕೇಳುವವರು ಬಯಸುತ್ತಾರೆ.

ಬಳ್ಳಾರಿಯಲ್ಲಿ ಕ್ರೀಡಾ ವೈದ್ಯವೃತ್ತಿಯೊಂದನ್ನೇ ನಂಬಿ ಸಂಸಾರ ನಡೆಸುವುದು ಕಷ್ಟ. ಬೆಳಿಗ್ಗೆ ಜ್ವರ, ಕೆಮ್ಮು, ಸಕ್ಕರೆ ಕಾಯಿಲೆಯವರನ್ನು ನೋಡುತ್ತೇನೆ, ಸಂಜೆ ಎರಡು ಗಂಟೆ ಆಟಗಾರರಿಗೆ. ತೋರಣಗಲ್ಲಿನ ಹತ್ತಿರ ವಿಜಯನಗರದಲ್ಲಿ 2018ರಲ್ಲಿ ಶುರುವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ಕುಸ್ತಿ, ಬಾಕ್ಸಿಂಗ್, ಜೂಡೊ, ಅಥ್ಲೆಟಿಕ್ಸ್‌ನವರಿಗೆ ತರಬೇತಿಯ ಜೊತೆಗೇ ಕ್ರೀಡಾ ವಿಜ್ಞಾನದ ಬೆಂಬಲವೂ ಇದೆ. ಅದೇ ಜಿಲ್ಲೆಯಲ್ಲಿ ಕಾಲೇಜು ಮೈದಾನದಲ್ಲಿ ಆಡುವ ಹುಡುಗಿಗೆ ಆಧಾರ ಒಂದು ಐಸ್ ಡಬ್ಬಿ ಮತ್ತು ನೋವಿನ ಮುಲಾಮು. ಈ ಅಂತರವನ್ನು ಮಾತಿನಿಂದಲಾದರೂ ಸ್ವಲ್ಪ ತುಂಬಬಹುದೆಂದು ರೇಡಿಯೊದಲ್ಲಿ ಕ್ರೀಡಾ ಗಾಯಗಳ ಬಗ್ಗೆ ಮಾತನಾಡತೊಡಗಿದೆ. ಅಲ್ಲಿಂದ ಕಬಡ್ಡಿ, ಕೊಕ್ಕೊ ಪಂದ್ಯಗಳ ನೇರ ಪ್ರಸಾರದ ವಿವರಣೆಗೂ ಕರೆ ಬಂತು. ಈ ಪ್ರಕರಣದ ಹೊತ್ತಿಗೆ ಆ ಕೆಲಸಕ್ಕೆ ಆರು ವರ್ಷವಾಗಿತ್ತು, ಎರಡು ಕೆಲಸಗಳು ಒಂದನ್ನೊಂದು ಬೆಳೆಸುತ್ತವೆ ಎಂದೇ ನಂಬಿದ್ದೆ.

ಸೋಮವಾರದ ಪರೀಕ್ಷೆ

ಫೈನಲ್‌ಗೆ ಆರು ದಿನ ಮೊದಲು, ಸೋಮವಾರ ಸಂಜೆ, ಆಕೆ ಗೆಳತಿಯ ಜೊತೆ ಬಂದಳು. ಹಿಂದಿನ ದಿನದ ಅಭ್ಯಾಸದಲ್ಲಿ ರೈಡ್ ಮಾಡುವಾಗ ಇಬ್ಬರು ಸರಪಳಿ ಕಟ್ಟಿ ಹಿಡಿದಿದ್ದರು. ಕೆಳಗೆ ಬೀಳುವಾಗ ಒಬ್ಬಳ ಮೊಣಕಾಲು ಕಿವಿಯ ಮೇಲ್ಭಾಗಕ್ಕೆ ಬಡಿದಿತ್ತು. ಪ್ರಜ್ಞೆ ತಪ್ಪಿರಲಿಲ್ಲ. ಎದ್ದು ಇನ್ನೂ ನಾಲ್ಕು ರೈಡ್ ಮಾಡಿದ್ದಳು. ರಾತ್ರಿಯಿಂದ ತಲೆನೋವು, ಟ್ಯೂಬ್‌ಲೈಟ್ ನೋಡಿದರೆ ಕಣ್ಣು ಕುಕ್ಕುವುದು. ಪುಸ್ತಕ ಹಿಡಿದರೆ ಅದೇ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದಳು. “ತಲೆ ದಿಮ್ ಅಂತದ ಮೇಡಂ, ಯಾರೋ ದೂರದಿಂದ ಮಾತಾಡಿದಂಗ ಕೇಳ್ತದ” ಎಂದಳು.

ಇದಕ್ಕೆ ಕನ್ಕಷನ್ ಎನ್ನುತ್ತೇವೆ. ತುಂಬಿದ ಬಿಂದಿಗೆ ಹೊತ್ತು ಬರುವವಳು ತಟ್ಟನೆ ನಿಂತರೆ ಬಿಂದಿಗೆ ನಿಲ್ಲುತ್ತದೆ, ಒಳಗಿನ ನೀರು ನಿಲ್ಲುವುದಿಲ್ಲ. ತಲೆಬುರುಡೆ ನಿಂತರೂ ಒಳಗಿನ ಮೆದುಳು ಹಾಗೆಯೇ ಕುಲುಕುತ್ತದೆ. ಆ ಕುಲುಕಿನಿಂದ ನರಕೋಶಗಳ ಕೆಲಸ ಕೆಲವು ದಿನ ಏರುಪೇರಾಗುತ್ತದೆ. ಮೂಳೆ ಮುರಿದಿರುವುದಿಲ್ಲ, ರಕ್ತ ಸೋರಿರುವುದಿಲ್ಲ, ಆದ್ದರಿಂದ ಸಿ.ಟಿ. ಸ್ಕ್ಯಾನ್ ಸಾಮಾನ್ಯವಾಗಿಯೇ ಬರುತ್ತದೆ. “ಸ್ಕ್ಯಾನ್ ಚೆನ್ನಾಗಿದೆ, ಆಡಬಹುದು” ಎಂಬ ಮಾತು ಅಪಾಯಕಾರಿಯಾಗುವುದು ಇದರಿಂದಲೇ. ಪ್ರಜ್ಞೆ ತಪ್ಪಿದರೆ ಮಾತ್ರ ಕನ್ಕಷನ್ ಎಂಬುದೂ ತಪ್ಪು ತಿಳಿವಳಿಕೆ, ಬಹುಪಾಲು ಪ್ರಕರಣಗಳಲ್ಲಿ ಪ್ರಜ್ಞೆ ತಪ್ಪುವುದೇ ಇಲ್ಲ.

2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ ತಜ್ಞರು 2023ರಲ್ಲಿ ಪ್ರಕಟಿಸಿದ ಸ್ಕ್ಯಾಟ್-6 ಎಂಬ ಪರೀಕ್ಷಾ ಪತ್ರಿಕೆಯನ್ನು ನಾನು ಬಳಸುತ್ತೇನೆ. ಅದರಲ್ಲಿ 22 ಲಕ್ಷಣಗಳಿಗೆ ಸೊನ್ನೆಯಿಂದ ಆರರವರೆಗೆ ಅಂಕ, ಹತ್ತು ಪದಗಳ ನೆನಪು, ಅಂಕಿಗಳನ್ನು ಹಿಂದುಮುಂದಾಗಿ ಹೇಳುವುದು, ಮೂರು ಬಗೆಯ ನಿಲುವಿನಲ್ಲಿ ಸಮತೋಲನ, ಹಿಮ್ಮಡಿಗೆ ಬೆರಳು ತಾಗಿಸಿ ಮೂರು ಮೀಟರ್ ನಡೆಯುವುದು ಎಲ್ಲ ಇವೆ. ಪದಗಳ ಪಟ್ಟಿಯನ್ನು ಕನ್ನಡಕ್ಕೆ ತರುವುದು ಅಂದುಕೊಂಡಷ್ಟು ಸುಲಭವಲ್ಲ. ಒಂದು ಪಟ್ಟಿಯಲ್ಲಿ ಡಾಲರ್, ಕುದುರೆಯ ಜೀನು, ಹಡಗಿನ ಲಂಗರು ಬರುತ್ತವೆ. ಸಮುದ್ರವನ್ನೇ ಕಾಣದ ಹುಡುಗಿ ಲಂಗರನ್ನು ಮರೆತರೆ ಅದು ಮೆದುಳಿನ ಪೆಟ್ಟಿನ ಲೆಕ್ಕಕ್ಕೆ ಬರುತ್ತದೆಯೇ ಎಂಬ ಪ್ರಶ್ನೆ ನನ್ನನ್ನು ಮೊದಲಿನಿಂದಲೂ ಕಾಡಿದೆ. ಅದಕ್ಕೇ ಋತುವಿನ ಆರಂಭದಲ್ಲಿ, ಪೆಟ್ಟಿಲ್ಲದಾಗ, ಆಟಗಾರರದೇ ಒಂದು ಅಳತೆ ತೆಗೆದಿಟ್ಟುಕೊಳ್ಳಬೇಕು. ಈಕೆಯದು ಇರಲಿಲ್ಲ. ಅಂಕಿಗಳ ಪರೀಕ್ಷೆಗೆ ಬಂದಾಗ “ತೆಲುಗಲ್ಲಿ ಹೇಳ್ಲಾ ಮೇಡಂ?” ಎಂದು ಕೇಳಿದಳು. ಮನೆಮಾತು ತೆಲುಗು, ಓದು ಕನ್ನಡದಲ್ಲಿ, ಲೆಕ್ಕ ಹಾಕುವುದು ತೆಲುಗಿನಲ್ಲಿ. ನಮ್ಮ ಜಿಲ್ಲೆಯ ಅರ್ಧ ಆಟಗಾರರದು ಇದೇ ಕಥೆ. ತೆಲುಗಿನಲ್ಲಿಯೂ ನಾಲ್ಕು ಅಂಕಿಯ ಸರಣಿಯಲ್ಲೇ ಎಡವಿದಳು. ಒಂಟಿ ಕಾಲಿನಲ್ಲಿ ಕಣ್ಣು ಮುಚ್ಚಿ ಇಪ್ಪತ್ತು ಸೆಕೆಂಡು ನಿಲ್ಲಲು ಆಗಲಿಲ್ಲ. ರೈಡರ್‌ಗೆ ಒಂಟಿ ಕಾಲಿನ ನಿಲುವು ಅನ್ನವಿದ್ದಂತೆ. ಅದೊಂದೇ ನನಗೆ ಸಾಕಾಗಿತ್ತು.

ಪದೇ ಪದೇ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಕೈಕಾಲಿನ ಬಲಹೀನತೆ, ಕುತ್ತಿಗೆಯ ನೋವು ಮುಂತಾದ ಅಪಾಯದ ಸೂಚನೆಗಳು ಇರಲಿಲ್ಲ. ಆಸ್ಪತ್ರೆಗೆ ಕಳಿಸುವ ಅಗತ್ಯ ಕಾಣಲಿಲ್ಲ. ಒಂದೆರಡು ದಿನ ಮೈಗೂ ತಲೆಗೂ ವಿಶ್ರಾಂತಿ, ಮೊಬೈಲು ಕಡಿಮೆ, ಆಮೇಲೆ ಹಗುರ ನಡಿಗೆ, ಲಕ್ಷಣ ಹೆಚ್ಚದಿದ್ದರೆ ಸ್ವಲ್ಪ ಓಟ. ಆಟಕ್ಕೆ ಮರಳುವುದಕ್ಕೆ ಆರು ಮೆಟ್ಟಿಲುಗಳಿವೆ. ಒಂದೊಂದಕ್ಕೂ ಕನಿಷ್ಠ 24 ಗಂಟೆ ಬೇಕು. ಗುಂಪು ಅಭ್ಯಾಸದ ನಾಲ್ಕನೆಯ ಮೆಟ್ಟಿಲು ಹತ್ತುವ ಮೊದಲು ಲಕ್ಷಣಗಳು ಪೂರ್ತಿ ಹೋಗಿರಬೇಕು, ಮೈಗೆ ಮೈ ತಾಗಿಸಿ ಆಡುವುದಕ್ಕೆ ವೈದ್ಯರ ಒಪ್ಪಿಗೆ ಬೇಕು. ಗುರುವಾರ ಮತ್ತೆ ಬರಲು ಹೇಳಿದೆ. ಭಾನುವಾರದ ಫೈನಲ್ ಆಡಲು ಆಗುವುದಿಲ್ಲ ಎಂದೂ ಹೇಳಿದೆ.

ಆಗ ಆಕೆ ಅತ್ತಳು. ಅಂದು ವಿಶ್ವವಿದ್ಯಾಲಯದ ತಂಡ ಆರಿಸುವವರು ಬರುತ್ತಾರೆ ಎಂದಳು. ಆ ತಂಡದಲ್ಲಿ ಆಡಿದರೆ ಪ್ರಮಾಣಪತ್ರ, ಪ್ರಮಾಣಪತ್ರವಿದ್ದರೆ ಕ್ರೀಡಾ ಕೋಟಾದಲ್ಲಿ ಪೊಲೀಸ್ ಅಥವಾ ರೈಲ್ವೆ ಕೆಲಸದ ಆಸೆ. ಅಪ್ಪ ಭತ್ತದ ಗದ್ದೆಯಲ್ಲಿ ಕೂಲಿ ಮಾಡುತ್ತಾರೆ. “ನಮ್ಮ ಪಿ.ಡಿ. ಸರ್‌ಗೆ ಮಾತ್ರ ಹೇಳಬ್ಯಾಡ್ರಿ ಮೇಡಂ” ಎಂದು ಕೈ ಹಿಡಿದುಕೊಂಡಳು. ಪಿ.ಡಿ. ಎಂದರೆ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು. “ನಿನ್ನನ್ನು ಕೇಳದೆ ಯಾರಿಗೂ ಹೇಳುವುದಿಲ್ಲ” ಎಂದು ನಾನು ಮಾತು ಕೊಟ್ಟೆ. ನನ್ನ ಮೊದಲ ತಪ್ಪು ಇಲ್ಲಿದೆ. ಗೋಪ್ಯತೆ ಕಾಯುವುದು ಸರಿಯಾದದ್ದೇ. ಅದಕ್ಕೆ ಒಂದು ಗಡಿ ಇದೆ ಎಂಬುದನ್ನು ಹೇಳದೆ ಮಾತು ಕೊಟ್ಟದ್ದು ತಪ್ಪು. “ಅಂಕಣಕ್ಕೆ ಇಳಿದರೆ ಆಗ ನಾನು ಸುಮ್ಮನಿರಲಾರೆ” ಎಂದು ಅಂದೇ ಹೇಳಿದ್ದರೆ, ಅದನ್ನು ತಿಳಿದುಕೊಂಡೇ ಆಕೆ ತನ್ನ ತೀರ್ಮಾನ ಮಾಡುತ್ತಿದ್ದಳು. ರೋಗದ ಹೆಸರಿಲ್ಲದೆ “ಇಂಥ ದಿನದವರೆಗೆ ಆಡಬಾರದು” ಎಂಬ ಒಂದು ಸಾಲಿನ ಪತ್ರವನ್ನೂ ಕೈಗೆ ಕೊಡಲಿಲ್ಲ. ಅದು ಕೈಯಲ್ಲಿದ್ದಿದ್ದರೆ ತಾನಾಗಿಯೇ ಬಾಯಿ ತೆರೆದು ಹೇಳುವ ಭಾರ ಆಕೆಗೆ ಅಷ್ಟು ಕಡಿಮೆಯಾಗುತ್ತಿತ್ತು.

ಗುರುವಾರ ಆಕೆ ಬರಲಿಲ್ಲ. ಫೋನ್ ಮಾಡಿದೆ, ಎತ್ತಲಿಲ್ಲ. ಶುಕ್ರವಾರ, ಶನಿವಾರ ನಾನು ಮತ್ತೆ ಪ್ರಯತ್ನಿಸಲಿಲ್ಲ.

ಹನ್ನೊಂದು ನಿಮಿಷ

ಭಾನುವಾರ ರಾತ್ರಿ ಒಂಬತ್ತೂವರೆಗೆ ಫೈನಲ್. ಟ್ರ್ಯಾಕ್ಟರ್ ಟ್ರೇಲರ್ ಮೇಲೆ ಮೇಜು ಹಾಕಿ ವಿವರಣೆಗಾರರಿಗೆ ಜಾಗ ಮಾಡಿದ್ದರು. ನನ್ನ ಜೊತೆ ನಿವೃತ್ತ ಮೇಷ್ಟ್ರೊಬ್ಬರು ಇದ್ದರು. ಕಬಡ್ಡಿಯನ್ನು ಅವರಷ್ಟು ಪ್ರೀತಿಯಿಂದ ಬಣ್ಣಿಸುವವರನ್ನು ನಾನು ಬೇರೆ ಕಂಡಿಲ್ಲ. ಮೊಬೈಲಿನಲ್ಲಿ ನೋಡುತ್ತಿರುವವರ ಸಂಖ್ಯೆ ಪರದೆಯ ಮೂಲೆಯಲ್ಲಿ ಏರುತ್ತಿತ್ತು. ಸಂಘಟಕರು ಆಂಬುಲೆನ್ಸ್ ತರಿಸಿರಲಿಲ್ಲ, ಬೇಕಾದರೆ 108ಕ್ಕೆ ಫೋನ್ ಮಾಡೋಣ ಎಂದಿದ್ದರು. “ನೀವಿದ್ದೀರಲ್ಲ ಮೇಡಂ” ಎಂಬ ಮಾತೂ ಬಂದಿತ್ತು. ಇಡೀ ಮೈದಾನಕ್ಕೆ ಒಬ್ಬಳೇ ವೈದ್ಯೆಯಾಗಿ, ಮೈಕಿಗೆ ಕಟ್ಟಿಹಾಕಿದಂತೆ ಕೂತಿದ್ದೆ ಎಂಬುದು ಆಗ ನನಗೆ ಹೊಳೆಯಲೇ ಇಲ್ಲ.

ಏಳು ಜನರ ಹೆಸರು ಕೂಗಿದಾಗ ಆಕೆಯ ಹೆಸರು ಮೂರನೆಯದು.

ಆ ಕ್ಷಣ ನನ್ನ ತಲೆಯಲ್ಲಿ ಓಡಿದ್ದನ್ನು ಇದ್ದಂತೆ ಬರೆಯುತ್ತೇನೆ. ಮಾತು ಕೊಟ್ಟಿದ್ದೇನೆ. ಆಕೆ ಪ್ರಾಪ್ತ ವಯಸ್ಕಳು. ಬಹುಶಃ ಬೇರೆ ವೈದ್ಯರಲ್ಲಿ ತೋರಿಸಿಕೊಂಡಿರಬಹುದು, ಲಕ್ಷಣಗಳು ಹೋಗಿರಬಹುದು. ಪ್ರಸಾರ ಶುರುವಾಗಿದೆ, ಈಗ ಎದ್ದು ಹೋದರೆ ಏಕೆ ಎದ್ದೆ ಎಂಬ ಪ್ರಶ್ನೆಯೇ ಗುಟ್ಟನ್ನು ಒಡೆಯುತ್ತದೆ. ಇವುಗಳಲ್ಲಿ ಮೊದಲ ಎರಡು ನಿಜವಾದ ಕಾರಣಗಳು. ಉಳಿದವು ಕೂತಲ್ಲೇ ಕೂರಲು ನಾನು ಹುಡುಕಿಕೊಂಡ ನೆಪಗಳು.

ಮೊದಲ ರೈಡಿನಲ್ಲಿಯೇ ಆಕೆ ನಿಧಾನವಾಗಿದ್ದಳು. ಎರಡನೆಯದರಲ್ಲಿ ಬೋನಸ್‌ಗೆ ಹೋದಳು. ಮುಂದಿನ ಕಾಲು ಗೆರೆ ದಾಟಿತು, ಹಿಂದಿನ ಕಾಲು ನೆಲ ಬಿಟ್ಟಿರಲಿಲ್ಲ, ಅಂಕ ಸಿಗಲಿಲ್ಲ. ಮೇಷ್ಟ್ರು ಸಹಜವಾಗಿ ಕೇಳಿದರು: “ಇವತ್ತು ಈ ಹುಡುಗಿಯ ಕಾಲಲ್ಲಿ ಆ ಚುರುಕು ಕಾಣ್ತಾ ಇಲ್ಲ, ಡಾಕ್ಟರಮ್ಮ ಏನಂತೀರಿ?” ನಾನು ಹೇಳಿದೆ: “ಎದುರಾಳಿಯ ಎಡ ಕಾರ್ನರ್ ಚೆನ್ನಾಗಿ ಮುಚ್ಚಿದ್ದಾರೆ ಸರ್, ಜಾಗವೇ ಸಿಗುತ್ತಿಲ್ಲ.”

ಅದು ಸುಳ್ಳು. ಕಾರ್ನರ್, ಎಂದರೆ ಮೂಲೆ ಕಾಯುವವರ ಆಟ, ಸಾಧಾರಣವಾಗಿತ್ತು. ಗುಟ್ಟು ಕಾಪಾಡಲು ಸುಮ್ಮನಿರುವುದಕ್ಕೂ, ಗುಟ್ಟು ಕಾಪಾಡಲು ಕೇಳುಗರಿಗೆ ಇಲ್ಲದ್ದನ್ನು ಹೇಳುವುದಕ್ಕೂ ಬಹಳ ವ್ಯತ್ಯಾಸವಿದೆ. ಮೊದಲನೆಯದು ವೈದ್ಯೆಯ ಕರ್ತವ್ಯ, ಎರಡನೆಯದು ವಿವರಣೆಗಾರ್ತಿಯ ದ್ರೋಹ. ಒಂದೇ ಬಾಯಿಯಿಂದ ಎರಡೂ ಕೆಲಸ ನಡೆಯಬೇಕಾದಾಗ ಮೊದಲನೆಯದು ಎರಡನೆಯದಾಗಿ ಮಾರ್ಪಡುವುದಕ್ಕೆ ಅರ್ಧ ಸೆಕೆಂಡು ಸಾಕು.

ಏಳನೆಯ ನಿಮಿಷದಲ್ಲಿ ಆಕೆ ಔಟಾದ ಮೇಲೂ ಅಂಕಣದಲ್ಲೇ ನಿಂತಿದ್ದಳು, ಜೊತೆಯವರು ಕೈ ಮಾಡಿ ಹೊರಗೆ ಕಳಿಸಬೇಕಾಯಿತು. ಹೊನಲು ಬೆಳಕಿನ ಕಡೆ ತಿರುಗಿದಾಗಲೆಲ್ಲ ಕಣ್ಣು ಕಿರಿದು ಮಾಡುತ್ತಿದ್ದಳು. ಟಿ.ವಿ. ದೃಶ್ಯಗಳನ್ನು ನೋಡಿ ಕನ್ಕಷನ್ ಗುರುತಿಸುವವರು ಹುಡುಕುವುದು ಇಂಥವನ್ನೇ: ಬೆಪ್ಪಾದ ನೋಟ, ತಡವಾಗಿ ಏಳುವುದು, ತೊಡರುವ ಹೆಜ್ಜೆ, ದಿಕ್ಕು ತಪ್ಪುವುದು. ಹನ್ನೊಂದನೆಯ ನಿಮಿಷದಲ್ಲಿ ಇಬ್ಬರು ಸೇರಿ ಆಕೆಯನ್ನು ಡ್ಯಾಶ್ ಮಾಡಿದರು, ಎಂದರೆ ಮೈಯಿಂದ ಗುದ್ದಿ ತಳ್ಳಿದರು. ತಲೆ ಮ್ಯಾಟಿಗೆ ಬಡಿಯಲಿಲ್ಲ, ಆದರೆ ಕುತ್ತಿಗೆ ಜೋರಾಗಿ ಜಗ್ಗಿತು. ಎದ್ದವಳು ಎದುರು ತಂಡದ ಆಟಗಾರ್ತಿಯರು ಕೂತ ಕಡೆ ಎರಡು ಹೆಜ್ಜೆ ಇಟ್ಟು, ಒಮ್ಮೆ ಓಲಾಡಿ, ಕುಳಿತುಬಿಟ್ಟಳು.

ನಾನು ಹೋದೆ. ರೆಫರಿಗೆ ವೈದ್ಯೆ ಎಂದು ಹೇಳಿ ಆಟ ನಿಲ್ಲಿಸಿದೆ. ಮೈದಾನದಲ್ಲಿ ಕೇಳಲೆಂದೇ ಇರುವ ಐದು ಪ್ರಶ್ನೆಗಳನ್ನು ಕೇಳಿದೆ: ನಾವೀಗ ಯಾವ ಊರಲ್ಲಿದ್ದೀವಿ? ಇದು ಮೊದಲನೇ ಅರ್ಧವೋ ಎರಡನೇದೋ? ಕೊನೆಯ ಪಾಯಿಂಟ್ ಯಾರದು? ಹಿಂದಿನ ಪಂದ್ಯ ಯಾರ ಮೇಲೆ ಆಡಿದ್ರಿ? ಗೆದ್ರಾ? ಮೊದಲ ಎರಡಕ್ಕೆ ಸರಿಯಾಗಿ ಹೇಳಿದಳು. ಮೂರನೆಯದಕ್ಕೆ ಸುಮ್ಮನಿದ್ದಳು. ಅಂದೇ ಸಂಜೆ ಆಡಿದ್ದ ಸೆಮಿಫೈನಲ್‌ನ ಎದುರಾಳಿಯ ಹೆಸರು ತಪ್ಪಾಯಿತು.

ಪಿ.ಡಿ. ಸರ್ ನೀರಿನ ಬಾಟಲಿ ಹಿಡಿದು ಬಂದರು. “ಮುಖಕ್ಕೆ ನೀರು ಹಾಕಿದ್ರೆ ಸರಿ ಹೋಗ್ತಾಳೆ ಮೇಡಂ, ಗಟ್ಟಿ ಹುಡುಗಿ.” ಆಕೆ ಇವತ್ತು ಇನ್ನು ಆಡುವುದಿಲ್ಲ ಎಂದೆ. “ಮೊದಲೇ ಏನಾದ್ರೂ ಆಗಿತ್ತಾ?” ಎಂದು ಅವರು ನನ್ನನ್ನೇ ಕೇಳಿದರು. ಈಗ ಕಣ್ಣ ಮುಂದೆ ಕಂಡದ್ದೇ ಸಾಕು ಸರ್ ಎಂದೆ. ಆಗ ಹುಡುಗಿಯೇ ತಲೆ ತಗ್ಗಿಸಿ, “ಹೋದ ಭಾನುವಾರ ಬಿದ್ದಿದ್ದೆ ಸರ್” ಎಂದಳು. ಅವರು ಬೈಯಲಿಲ್ಲ. ತಮ್ಮ ಟವೆಲನ್ನು ಆಕೆಯ ಹೆಗಲಿಗೆ ಹೊದಿಸಿದರು. ಬದಲಿ ಆಟಗಾರ್ತಿ ಒಳಗೆ ಹೋದಳು.

ಮೂರ್ಛೆ ಎಂಬ ಪದ

ಇಷ್ಟರಲ್ಲಿ ಟ್ರೇಲರ್ ಮೇಲೆ ಮೇಷ್ಟ್ರು ಒಬ್ಬರೇ ಇದ್ದರು. ಪ್ರಸಾರದಲ್ಲಿ ಮೌನವೇ ದೊಡ್ಡ ಅಪರಾಧ ಎಂದು ನಂಬಿದವರು ಅವರು. ನಾನು ಏನೂ ಹೇಳದೆ ಓಡಿದ್ದೆ. ಕಂಡದ್ದನ್ನು ಅವರು ತಮ್ಮ ಮಾತಿನಲ್ಲಿ ಹೇಳಿದರು: “ಹುಡುಗಿ ಮೂರ್ಛೆ ಹೋಗಿದ್ದಾಳೆ, ಡಾಕ್ಟರಮ್ಮ ಓಡಿದ್ದಾರೆ.” ಹಳೆಯ ಕಥೆ, ಕಾವ್ಯಗಳಲ್ಲಿ ಎಲ್ಲರೂ ಮೂರ್ಛೆ ಹೋಗುತ್ತಾರೆ, ಅವರು ಆ ಅರ್ಥದಲ್ಲೇ ಆಡಿದ್ದರು. ಆದರೆ ಊರಿನ ಮಾತಿನಲ್ಲಿ ಮೂರ್ಛೆ ಎಂದರೆ ಮೂರ್ಛೆರೋಗ, ಪಿಟ್ಸ್. ನಲವತ್ತು ಸೆಕೆಂಡಿನ ತುಣುಕು ಅಂದು ರಾತ್ರಿಯೇ ವಾಟ್ಸ್‌ಆ್ಯಪ್‌ನಲ್ಲಿ ಆಕೆಯ ಊರಿಗೆ ತಲುಪಿತು.

ಮಂಗಳವಾರ ಅವಳ ತಾಯಿ ಬಂದರು. ಕೂರಲು ಹೇಳಿದರೂ ಕೂರಲಿಲ್ಲ. “ನನ್ನ ಮಗಳಿಗೆ ಮೂರ್ಛೆರೋಗ ಐತಂತೆ, ಹೌದಾ ಅಮ್ಮಾ? ನೀವೇ ಟಿ.ವಿ.ಯಾಗ ಹೇಳಿದ್ರಂತೆ.” ಮೈಕಿನ ಮೇಲೆ ನಾನು ಆ ಪದವನ್ನು ಆಡಿಯೇ ಇರಲಿಲ್ಲ. ಆದರೆ ಅಲ್ಲಿ ವೈದ್ಯೆ ಕೂತಿದ್ದಳು ಎಂದ ಮೇಲೆ, ಅಲ್ಲಿಂದ ಹೊರಟ ರೋಗದ ಹೆಸರೆಲ್ಲ ವೈದ್ಯೆಯದೇ ಎಂದು ಜನ ತಿಳಿದದ್ದರಲ್ಲಿ ತಪ್ಪೇನಿದೆ? ಮದುವೆಯ ಮಾತು ಬಂದಾಗ ಈ ಒಂದು ಪದ ಹೆಣ್ಣುಮಗಳ ಮುಂದೆ ಎಷ್ಟು ವರ್ಷ ನಿಲ್ಲುತ್ತದೆ ಎಂಬುದು ಈ ಭಾಗದಲ್ಲಿ ಬೆಳೆದ ನನಗೆ ಚೆನ್ನಾಗಿ ಗೊತ್ತು. ಮೂರ್ಛೆರೋಗವೇ ಆಗಿದ್ದರೂ ಅದು ಔಷಧಿಯಿಂದ ಹತೋಟಿಗೆ ಬರುವ ಕಾಯಿಲೆ, ನಾಚುವಂಥದ್ದಲ್ಲ. ಆ ಮಾತನ್ನೂ ತಾಯಿಗೆ ಹೇಳಿದೆ. ಆದರೆ ಇಲ್ಲದ ಕಾಯಿಲೆಯನ್ನು ಹೊರಿಸಿದ್ದು ಬೇರೆಯೇ ಅನ್ಯಾಯ. ಮಗಳನ್ನು ಕರೆಸಿ, ಆಕೆಯ ಒಪ್ಪಿಗೆ ಪಡೆದು, ಬಿಂದಿಗೆ ತಂದು ನೀರು ತುಂಬಿ ತೋರಿಸಿಯೇ ತಾಯಿಗೆ ವಿವರಿಸಿದೆ.

ಈ ಪ್ರಕರಣದಲ್ಲಿ ನಾನು ಅತಿ ಹೆಚ್ಚು ಯೋಚಿಸಿದ್ದು ಇದನ್ನೇ. ಮೈಕಿನ ಮೇಲೆ ವೈದ್ಯೆ ಬಿಟ್ಟುಹೋದ ಖಾಲಿ ಜಾಗ ಖಾಲಿಯಾಗಿ ಉಳಿಯುವುದಿಲ್ಲ, ಯಾರೋ ಒಬ್ಬರು ಅದನ್ನು ತುಂಬುತ್ತಾರೆ. ದೊಡ್ಡ ಆಟಗಳಲ್ಲೂ ಹೀಗೆಯೇ. 2019ರ ಆಗಸ್ಟ್‌ನಿಂದ ಐಸಿಸಿ ಕನ್ಕಷನ್ ಬದಲಿ ಆಟಗಾರನಿಗೆ ಅವಕಾಶ ಕೊಟ್ಟಿತು. ಅದೇ ತಿಂಗಳು ಲಾರ್ಡ್ಸ್‌ನಲ್ಲಿ ಜೋಫ್ರಾ ಆರ್ಚರ್ ಚೆಂಡು ಕುತ್ತಿಗೆಗೆ ಬಡಿದು ಹೊರಹೋದ ಸ್ಟೀವ್ ಸ್ಮಿತ್ ಮರಳಿ ಬಂದು 92ಕ್ಕೆ ಔಟಾದರು, ಮರುದಿನ ಕನ್ಕಷನ್ ಲಕ್ಷಣ ಕಂಡು ಅವರ ಜಾಗಕ್ಕೆ ಮಾರ್ನಸ್ ಲಬುಶೇನ್ ಬಂದರು. ಲಕ್ಷಣಗಳು ತಡವಾಗಿ ಬರುತ್ತವೆ ಎಂಬುದನ್ನು ಪಾಠ ಮಾಡಲು ಅದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಆದರೂ 2020ರ ಡಿಸೆಂಬರ್‌ನಲ್ಲಿ ಕ್ಯಾನ್‌ಬೆರಾದ ಟಿ-20 ಪಂದ್ಯದಲ್ಲಿ ಹೆಲ್ಮೆಟಿಗೆ ಪೆಟ್ಟು ತಿಂದೂ ಇನಿಂಗ್ಸ್ ಮುಗಿಯುವವರೆಗೆ ಆಡಿದ ರವೀಂದ್ರ ಜಡೇಜಾ ಬದಲಿಗೆ ಬಂದ ಯಜುವೇಂದ್ರ ಚಾಹಲ್ ಮೂರು ವಿಕೆಟ್ ತೆಗೆದಾಗ, ಮಾತು ಹೋದದ್ದು ಆಟಗಾರನ ತಲೆಯ ಕಡೆಗಲ್ಲ, ಆ ಬದಲಾವಣೆ ನ್ಯಾಯವೇ ಎಂಬ ಕಡೆಗೆ. ಅಂತಹ ಹೊತ್ತಿನಲ್ಲಿ ಮೈಕಿನ ಬಳಿ ಹೇಳಬಹುದಾದ, ಯಾರ ಗುಟ್ಟನ್ನೂ ಒಡೆಯದ, ಸುಳ್ಳೂ ಅಲ್ಲದ ಮಾತು ಮೊದಲೇ ಸಿದ್ಧವಿರಬೇಕು. “ತಲೆಗೆ ಪೆಟ್ಟಿನ ಅನುಮಾನ ಬಂದರೆ ಆಟಗಾರ್ತಿಯನ್ನು ಹೊರಗೆ ಕರೆಯುವುದು ಕ್ರಮ, ಪರೀಕ್ಷೆ ಆಗುವವರೆಗೆ ನಾವು ಊಹೆ ಮಾಡುವುದು ಬೇಡ” ಎಂಬಷ್ಟೇ ಮಾತನ್ನು ಮೇಷ್ಟ್ರಿಗೆ ಕೊಟ್ಟು ಓಡಿದ್ದರೆ ಆ ತಾಯಿ ಅಷ್ಟು ದೂರದಿಂದ ಹಾಗೆ ಬರಬೇಕಾಗುತ್ತಿರಲಿಲ್ಲ. ಈ ವಿಷಯ ತಿಳಿದಾಗ ಮೇಷ್ಟ್ರು ತುಂಬ ನೊಂದುಕೊಂಡರು. ತಪ್ಪು ಅವರದಲ್ಲ.

ನಿಯಮ ಏನು ಹೇಳುತ್ತದೆ

ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡತೆಯ ನಿಯಮಾವಳಿಯಲ್ಲಿ ನನಗೆ ಬೇಕಾದ ಎರಡೂ ಮಾತುಗಳಿವೆ. ಸಾರ್ವಜನಿಕ ಆರೋಗ್ಯದ ಬಗ್ಗೆ ವೈದ್ಯರು ರೇಡಿಯೊ, ಟಿ.ವಿ.ಯಲ್ಲಿ ಮಾತನಾಡಬಹುದು, ಅದು ಸ್ವಂತ ಪ್ರಚಾರ ಆಗಬಾರದು ಅಷ್ಟೇ. ವೃತ್ತಿಯಲ್ಲಿ ತಿಳಿದುಕೊಂಡ ರೋಗಿಯ ಗುಟ್ಟನ್ನು ಹೊರಗೆಡಹಬಾರದು. ಅದಕ್ಕೆ ಹೊರತಾಗಿರುವುದು ನ್ಯಾಯಾಲಯದ ಆದೇಶ, ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳು, ಮತ್ತು ನಿರ್ದಿಷ್ಟ ವ್ಯಕ್ತಿಗೋ ಸಮುದಾಯಕ್ಕೋ ಗಂಭೀರ ಅಪಾಯವಿರುವ ಸಂದರ್ಭ.

ಮೂರನೆಯ ಹೊರತು ಇಲ್ಲಿ ಅನ್ವಯಿಸುತ್ತದೆಯೇ ಎಂದು ಸಹವೈದ್ಯರೊಂದಿಗೆ ಬಹಳ ಚರ್ಚಿಸಿದ್ದೇನೆ. ಅಪಾಯ ಆಕೆಗೇ ಇದ್ದದ್ದು, ತೀರ್ಮಾನವೂ ಆಕೆಯದೇ ಎಂದು ಕೆಲವರು. ಮೊದಲ ಪೆಟ್ಟು ವಾಸಿಯಾಗುವ ಮೊದಲೇ ಇನ್ನೊಂದು ಬಿದ್ದರೆ ಚೇತರಿಕೆ ಉದ್ದವಾಗುತ್ತದೆ, ತೀರ ಅಪರೂಪಕ್ಕೆ ಮೆದುಳು ಊದಿ ಜೀವಕ್ಕೇ ಅಪಾಯವಾಗುತ್ತದೆ, ಆದ್ದರಿಂದ ಪಿ.ಡಿ.ಗೆ ಹೇಳಬಹುದಿತ್ತು ಎಂದು ಇನ್ನು ಕೆಲವರು. ನನ್ನ ತೀರ್ಮಾನ ಬೇರೆ. ಆ ಹೊರತಿನ ಬಾಗಿಲು ತಟ್ಟುವ ಮೊದಲು ನನ್ನ ಕೈಯಲ್ಲಿ ಇನ್ನೂ ದಾರಿಗಳಿದ್ದವು. ಆಟಕ್ಕೆ ಮೊದಲು ಟ್ರೇಲರ್ ಇಳಿದು ಅವಳ ಹತ್ತಿರ ಹೋಗಿ “ಏನಮ್ಮ, ಗುರುವಾರ ಬರಲಿಲ್ಲವಲ್ಲ” ಎಂದು ಕೇಳಿದ್ದರೆ ಯಾವ ಗುಟ್ಟೂ ಒಡೆಯುತ್ತಿರಲಿಲ್ಲ. ಏಳನೆಯ ನಿಮಿಷದಲ್ಲಿ ಮೈದಾನದಲ್ಲಿ ಎಲ್ಲರಿಗೂ ಕಾಣುತ್ತಿದ್ದ ಲಕ್ಷಣಗಳ ಮೇಲೆಯೇ ಆಟ ನಿಲ್ಲಿಸಬಹುದಿತ್ತು. ಕೋಣೆಯಲ್ಲಿ ಕೇಳಿದ್ದು ರೋಗಿಯದು, ಮೈದಾನದಲ್ಲಿ ಕಂಡದ್ದು ಎಲ್ಲರದು. ಈ ಗೆರೆಯನ್ನು ನಾನು ತಿಳಿದಿದ್ದೆ, ಆದರೆ ಕಂಡದ್ದನ್ನು ಹೇಳಿದರೂ ಕೇಳಿದ್ದನ್ನು ಹೇಳಿದಂತಾಗುತ್ತದೆಯೋ ಎಂಬ ಅಳುಕಿನಲ್ಲಿ ಎರಡನ್ನೂ ಹೇಳಲಿಲ್ಲ. ಅವಳನ್ನು ಪರೀಕ್ಷಿಸಿಯೇ ಇರದ ವೈದ್ಯರೊಬ್ಬರು ಅಲ್ಲಿ ಕೂತಿದ್ದರೆ ಏಳನೆಯ ನಿಮಿಷಕ್ಕೇ ಎದ್ದಿರುತ್ತಿದ್ದರು.

ಆಮೇಲೆ

ಚೇತರಿಕೆ ನಿಧಾನವಾಯಿತು. ದೊಡ್ಡವರಲ್ಲಿ ಎರಡು ವಾರದೊಳಗೆ ಸಾಮಾನ್ಯವಾಗಿ ಸರಿಹೋಗುವುದು ಈಕೆಗೆ ಐದನೆಯ ವಾರಕ್ಕೆ ಬಂತು. ಆ ವರ್ಷದ ಆಯ್ಕೆ ತಪ್ಪಿತು. ಮುಂದಿನ ಋತುವಿನ ಆರಂಭದಲ್ಲಿ ಅವಳ ಕಾಲೇಜಿನ ಎಲ್ಲ ಆಟಗಾರ್ತಿಯರ ಅಳತೆಯನ್ನು ಕನ್ನಡ ಮತ್ತು ತೆಲುಗಿನಲ್ಲಿ ತೆಗೆದಿಟ್ಟೆವು. ಆ ಮಧ್ಯಾಹ್ನವನ್ನು ಗೊತ್ತುಮಾಡಿದವರು ಅದೇ ಪಿ.ಡಿ. ಸರ್.

ನನ್ನ ಕೆಲಸದಲ್ಲಿ ಮೂರು ಬದಲಾವಣೆಗಳಾದವು. ಚಿಕಿತ್ಸೆ ಮುಂದುವರಿದಿರುವ ಆಟಗಾರರಿರುವ ಪಂದ್ಯಕ್ಕೆ ವಿವರಣೆಗೆ ಕೂರುವುದಿಲ್ಲ. ಕಾರಣ ಹೇಳದೆಯೇ “ಬರಲಾಗದು” ಎನ್ನುತ್ತೇನೆ, ಏಕೆಂದರೆ ಕಾರಣ ಹೇಳಿದರೂ ಗುಟ್ಟಿನ ಅರ್ಧ ಹೋದಂತೆಯೇ. ಇದಕ್ಕಾಗಿ ಒಂದು ವರ್ಷ ಮೈಕಿನ ಕೆಲಸ ಅರ್ಧದಷ್ಟು ಕಡಿಮೆಯಾಯಿತು. ಅಂಕಣದ ಬಳಿ ಬೇರೆ ವೈದ್ಯರೋ ತರಬೇತಿ ಪಡೆದ ನರ್ಸೋ ಇಲ್ಲದ ಪಂದ್ಯಕ್ಕೂ ಹೋಗುವುದಿಲ್ಲ. ಮತ್ತು ಕ್ಲಿನಿಕ್ಕಿನಲ್ಲಿ ಗೋಪ್ಯತೆಯ ಮಾತು ಬಂದಾಗ ಮೊದಲ ಮಾತೇ ಅದರ ಗಡಿ. ಅದನ್ನು ಕೇಳಿ ಎದ್ದು ಹೋದವರೂ ಇದ್ದಾರೆ. ಅವರು ಮತ್ತೆ ಬರಲಿ ಎಂದು ಬಾಗಿಲು ತೆರೆದಿಟ್ಟಿದ್ದೇನೆ.

ಈ ಬರಹದ ಕರಡನ್ನು ಆಕೆಗೆ ಕೊಟ್ಟಾಗ, ಅದಕ್ಕೂ ಮೊದಲು ಪಂದ್ಯವನ್ನು ನೋಡಬೇಕು ಎಂದಳು. ಕೊನೆಯ ಎರಡು ರೈಡ್ ಇವತ್ತಿಗೂ ಅವಳಿಗೆ ನೆನಪಿಲ್ಲ. ಕ್ಲಿನಿಕ್ಕಿನಲ್ಲಿ ಕೂತು ಇಬ್ಬರೂ ನೋಡಿದೆವು. ಕಾರ್ನರ್ ಮುಚ್ಚಿದ್ದಾರೆ ಎಂಬ ನನ್ನ ಧ್ವನಿ ಬಂದಾಗ ಅವಳು ನಿಲ್ಲಿಸಿ, ಹಿಂದಕ್ಕೆ ಎಳೆದು, ಮತ್ತೊಮ್ಮೆ ಕೇಳಿದಳು. “ನಿಮಗೆ ಗೊತ್ತಿತ್ತಲ್ಲ ಮೇಡಂ” ಎಂದಳು. ಗೊತ್ತಿತ್ತು ಎಂದೆ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಕರಡು ಓದಿ ಎರಡು ತಿದ್ದುಪಡಿ ಹೇಳಿದಳು. ನಾನು “ಮುಚ್ಚಿಟ್ಟಳು” ಎಂದು ಬರೆದಿದ್ದ ಕಡೆ, ತಾನು ಮುಚ್ಚಿಡಲಿಲ್ಲ, ಹೇಳಲು ಧೈರ್ಯ ಸಾಲಲಿಲ್ಲ ಎಂದಳು. ಆ ವಾಕ್ಯವನ್ನೇ ತೆಗೆದೆ. ಇನ್ನೊಂದು ಬೋನಸ್‌ನದು. ಗೆರೆ ಮುಟ್ಟಲಿಲ್ಲ ಎಂದು ನಾನು ಬರೆದಿದ್ದೆ. ವಿಡಿಯೊವನ್ನು ಆ ಕ್ಷಣಕ್ಕೆ ತಂದು ನಿಲ್ಲಿಸಿ, ಪರದೆಯ ಮೇಲೆ ಬೆರಳಿಟ್ಟು, “ಗೆರೆ ದಾಟೀನಿ ನೋಡ್ರಿ, ಹಿಂದಿನ ಕಾಲು ಎತ್ತಿಲ್ಲ ಅಷ್ಟೇ” ಎಂದಳು.